ಸಾಟಾ ಕಾರ್ಡ್ ಕೊಳ್ಳುವ ಮುಂಚೆ: ಪೋರ್ಟ್ ಎಣಿಸಬೇಡಿ, ಸ್ಲಾಟ್ ನೋಡಿ

ಮನೆಯ ಡೆಸ್ಕ್‌ಟಾಪ್‌ನಲ್ಲಿ ಜಾಗ ಎರಡು ಥರ ಮುಗಿಯುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ, ಡಿಸ್ಕ್ ತುಂಬುತ್ತದೆ. ಮದುವೆ ವಿಡಿಯೋ, ಮಕ್ಕಳ ಫೋಟೋ, ಮೊಬೈಲ್ ಬ್ಯಾಕಪ್ ಅಂತ ಸೇರಿಸುತ್ತಾ ಹೋದರೆ 1 ಟಿಬಿ ಎಲ್ಲಿಗೂ ಸಾಲುವುದಿಲ್ಲ. ಎರಡನೆಯದು ಹೊಸ ಡಿಸ್ಕ್ ತಂದ ಮೇಲೆ ಗೊತ್ತಾಗುತ್ತದೆ. ಅದನ್ನು ಸಿಕ್ಕಿಸಲು ಮದರ್‌ಬೋರ್ಡ್‌ನಲ್ಲಿ ಸಾಟಾ ಪೋರ್ಟೇ ಖಾಲಿ ಇರುವುದಿಲ್ಲ.

ಇದಕ್ಕೆ ಪರಿಹಾರ ಅಂತ ಸಿಗುವುದು ಕಂಟ್ರೋಲರ್ ಕಾರ್ಡ್. ಖಾಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಹಾಕಿದರೆ ಎರಡು, ನಾಲ್ಕು, ಆರು, ಹತ್ತು ಪೋರ್ಟ್ ಜಾಸ್ತಿಯಾಗುತ್ತವೆ. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಪೋರ್ಟ್‌ಗಳ ಸಂಖ್ಯೆ. ನಾವೂ ಅದನ್ನೇ ನೋಡಿ ಕೊಳ್ಳುತ್ತೇವೆ. ಆದರೆ ಆ ಕಾರ್ಡ್ ಚೆನ್ನಾಗಿ ಕೆಲಸ ಮಾಡುತ್ತದೋ ಇಲ್ಲವೋ ಅಂತ ತೀರ್ಮಾನ ಮಾಡುವುದು ಬೇರೆ ಮೂರು ವಿಷಯ: ಸ್ಲಾಟ್‌ನ ವೇಗ, ಕಾರ್ಡ್ ಮೇಲಿನ ಚಿಪ್, ಮತ್ತು ಡಿಸ್ಕ್‌ಗಳಿಗೆ ಹೋಗುವ ಕರೆಂಟ್. ಈ ಮೂರನ್ನೂ ಬಿಡಿಸಿ ಹೇಳಬೇಕು ಅಂತಲೇ ಈ ಲೇಖನ.

ಅದಕ್ಕೂ ಮೊದಲು ಒಂದು ಪ್ರಶ್ನೆ. ನಿಮಗೆ ಕಾರ್ಡ್ ನಿಜವಾಗಿಯೂ ಬೇಕಾ? ಕ್ಯಾಬಿನೆಟ್ ತೆರೆದು ನೋಡಿ. ಯಾವಾಗಲೋ ಹಾಕಿಸಿದ ಡಿವಿಡಿ ಡ್ರೈವ್ ಒಂದು ಪೋರ್ಟ್ ಹಿಡಿದುಕೊಂಡು ಕೂತಿರಬಹುದು. ಹತ್ತು ವರ್ಷ ಹಳೆಯ 500 ಜಿಬಿ ಡಿಸ್ಕ್ ಇನ್ನೊಂದನ್ನು ಹಿಡಿದಿರಬಹುದು. ಅಂಥ ಮೂರು ಹಳೆಯ ಡಿಸ್ಕ್ ಬದಲು ಒಂದು 4 ಟಿಬಿ ಡಿಸ್ಕ್ ಹಾಕಿದರೆ ಕರೆಂಟ್ ಉಳಿಯುತ್ತದೆ, ಬಿಸಿ ಕಡಿಮೆ, ಪೋರ್ಟೂ ಖಾಲಿಯಾಗುತ್ತದೆ. ಬರೀ ಬ್ಯಾಕಪ್‌ಗೆ ಬೇಕಾದ ಡಿಸ್ಕ್ ಆದರೆ ಯುಎಸ್‌ಬಿ 3.0 ಡಬ್ಬದಲ್ಲಿ ಹೊರಗಿಡುವುದೇ ಒಳ್ಳೆಯದು. ಕೆಲಸ ಮುಗಿದ ಮೇಲೆ ಬಿಚ್ಚಿ ಬೀರುವಿನಲ್ಲಿ ಇಡಬಹುದು. ಇವೆಲ್ಲ ಆದ ಮೇಲೂ ಪೋರ್ಟ್ ಸಾಲದಿದ್ದರೆ ಮಾತ್ರ ಕಾರ್ಡ್.

ಇಂಥ ಕಾರ್ಡ್‌ಗಳು ಹೊಸದೇನಲ್ಲ. ಸಾಟಾಗಿಂತ ಮುಂಚಿನ ಐಡಿಇ ಕಂಟ್ರೋಲರ್‌ಗಳು ಡಿಸ್ಕ್‌ನ ವಿಳಾಸಕ್ಕೆ 28 ಬಿಟ್ ಮಾತ್ರ ಬಳಸುತ್ತಿದ್ದವು. ಒಂದೊಂದು ಸೆಕ್ಟರ್ 512 ಬೈಟ್. ಲೆಕ್ಕ ಹಾಕಿದರೆ 137 ಜಿಬಿಗೆ ನಿಂತುಬಿಡುತ್ತದೆ. 160 ಜಿಬಿ ಡಿಸ್ಕ್ ಬಂದಾಗ ಹಳೆಯ ಬೋರ್ಡ್‌ಗಳಿಗೆ ಅದು ಪೂರ್ತಿ ಕಾಣುತ್ತಿರಲಿಲ್ಲ. 48 ಬಿಟ್ ವಿಳಾಸ ಗೊತ್ತಿರುವ ಪಿಸಿಐ ಕಾರ್ಡ್ ಹಾಕಿದರೆ ಕಾಣುತ್ತಿತ್ತು. ಆಗ ಕಾರ್ಡ್ ಬೇಕಾಗಿದ್ದು ಡಿಸ್ಕ್‌ನ ಅಳತೆಗೆ. ಈಗ ಬೇಕಾಗಿರುವುದು ಡಿಸ್ಕ್‌ಗಳ ಸಂಖ್ಯೆಗೆ.

ಕಾರ್ಡ್ ಹಿಂದಿನ ದಾರಿ

ಕಂಟ್ರೋಲರ್ ಕಾರ್ಡ್ ಮಾಡುವ ಕೆಲಸ ಸರಳ. ಒಂದು ಕಡೆ ಸಾಟಾ ಭಾಷೆ, ಇನ್ನೊಂದು ಕಡೆ ಪಿಸಿಐ ಎಕ್ಸ್‌ಪ್ರೆಸ್ ಭಾಷೆ. ನಡುವೆ ಒಂದು ಚಿಪ್. ಡಿಸ್ಕ್‌ನಿಂದ ಬಂದದ್ದನ್ನು ಸ್ಲಾಟ್‌ಗೆ ದಾಟಿಸುತ್ತದೆ, ಸ್ಲಾಟ್‌ನಿಂದ ಬಂದದ್ದನ್ನು ಡಿಸ್ಕ್‌ಗೆ. ಮನೆಬಳಕೆಯ ಬಹುತೇಕ ಕಾರ್ಡ್‌ಗಳು ಎಎಚ್‌ಸಿಐ ಎಂಬ ಸಾಮಾನ್ಯ ನಿಯಮಕ್ಕೆ ಒಪ್ಪುತ್ತವೆ. ಹಾಗಾಗಿ ವಿಂಡೋಸ್‌ 7ರ ನಂತರದವುಗಳಲ್ಲೂ ಲಿನಕ್ಸ್‌ನಲ್ಲೂ ಬೇರೆ ಡ್ರೈವರ್ ಹಾಕದೆಯೇ ಕೆಲಸ ಮಾಡುತ್ತವೆ.

ಪ್ರಶ್ನೆ ಇರುವುದು ಆ ದಾಟಿಸುವ ದಾರಿ ಎಷ್ಟು ಅಗಲ ಅನ್ನುವುದರಲ್ಲಿ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ದಾರಿಯನ್ನು ಲೇನ್ ಎಂದು ಅಳೆಯುತ್ತಾರೆ. 2.0 ತಲೆಮಾರಿನ ಒಂದು ಲೇನ್ ಸೆಕೆಂಡಿಗೆ 500 ಎಂಬಿ ಸಾಗಿಸಬಲ್ಲದು. ಕೈಗೆ ಸಿಗುವುದು ಸುಮಾರು 400. 3.0 ಆದರೆ ಒಂದು ಲೇನ್‌ಗೆ ಸುಮಾರು 985 ಎಂಬಿ. 4.0 ಅದರ ಎರಡರಷ್ಟು. ಇನ್ನು ಡಿಸ್ಕ್ ಕಡೆ ನೋಡಿ. ಇವತ್ತಿನ 3.5 ಇಂಚಿನ ಹಾರ್ಡ್ ಡಿಸ್ಕ್ ದೊಡ್ಡ ಫೈಲ್ ಓದುವಾಗ ಸೆಕೆಂಡಿಗೆ 150ರಿಂದ 270 ಎಂಬಿ ಕೊಡುತ್ತದೆ. ಸಾಟಾ ಎಸ್‌ಎಸ್‌ಡಿ 550ರ ಹತ್ತಿರ.

ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಪೈಪು ಅರ್ಧ ಇಂಚಿನದಾದರೆ ಮನೆಯಲ್ಲಿ ಎಷ್ಟು ನಲ್ಲಿ ಹಾಕಿದರೂ ನೀರು ಅಷ್ಟೇ. ಕಾರ್ಡ್‌ನ ಪೋರ್ಟ್‌ಗಳು ನಲ್ಲಿಗಳು. ಒಂದೇ ನಲ್ಲಿ ತೆರೆದಾಗ ಏನೂ ಗೊತ್ತಾಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ತೆರೆದಾಗ ಗೊತ್ತಾಗುತ್ತದೆ.

ಎಲ್ಲ ಡಿಸ್ಕ್ ಒಟ್ಟಿಗೆ ಓಡುವ ಸಂದರ್ಭ ಮನೆಯಲ್ಲಿ ಬರುತ್ತದಾ ಅಂತ ಕೇಳಬಹುದು. ಸಿನಿಮಾ ನೋಡುವಾಗ, ಫೋಟೋ ತೆರೆಯುವಾಗ ಬರುವುದಿಲ್ಲ. ಆದರೆ ಒಂದು ಕೆಟ್ಟರೂ ಡೇಟಾ ಉಳಿಯುವ ಹಾಗೆ ನಾಲ್ಕು ಡಿಸ್ಕ್ ಸೇರಿಸಿ ರೇಡ್ ಮಾಡಿಕೊಂಡಿದ್ದರೆ, ಒಂದು ಡಿಸ್ಕ್ ಕೆಟ್ಟು ಹೊಸದು ಹಾಕಿದ ದಿನ ಖಂಡಿತ ಬರುತ್ತದೆ. ಆಗ ಹೊಸ ಡಿಸ್ಕ್‌ ತುಂಬಲು ಉಳಿದ ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಓದಬೇಕು. 8 ಟಿಬಿ ಡಿಸ್ಕ್‌ಗಳು, ಒಂದೊಂದೂ ಸರಾಸರಿ 200 ಎಂಬಿ ವೇಗ ಅಂತಿಟ್ಟುಕೊಳ್ಳಿ. ದಾರಿ ಅಗಲವಾಗಿದ್ದರೆ ಕೆಲಸ ಸುಮಾರು 11 ಗಂಟೆಯಲ್ಲಿ ಮುಗಿಯುತ್ತದೆ. ಅದೇ ನಾಲ್ಕು ಡಿಸ್ಕ್ 2.0ರ ಒಂದೇ ಲೇನ್ ಹಂಚಿಕೊಂಡರೆ ಒಂದೊಂದಕ್ಕೆ 100 ಎಂಬಿ ಸಿಗುತ್ತದೆ. ಸಮಯ 22 ಗಂಟೆ. ಹತ್ತು ಡಿಸ್ಕ್ ಹಂಚಿಕೊಂಡರೆ ತಲೆಗೆ 40 ಎಂಬಿ. ಎರಡು ದಿನ ದಾಟಿ 55 ಗಂಟೆ. ಅಷ್ಟು ಹೊತ್ತೂ ಹಳೆಯ ಡಿಸ್ಕ್‌ಗಳು ಪೂರ್ತಿ ಬಿಸಿಯಲ್ಲಿ ಓಡುತ್ತಿರುತ್ತವೆ. ಇನ್ನೊಂದು ಕೆಡಬಾರದು ಅಂತ ನಾವು ಬೇಡಿಕೊಳ್ಳುವ ಹೊತ್ತು ಅದು. ಅದನ್ನು ಉದ್ದ ಮಾಡುವುದು ಬೇಡ.

ಎಚ್61 ಬೋರ್ಡ್ ಇದ್ದವರಿಗೆ

ಒಂದು ನಿಜವಾದ ಬೋರ್ಡ್ ಹಿಡಿದು ನೋಡೋಣ. ಇಂಟೆಲ್‌ನ ಎಚ್61 ಚಿಪ್‌ಸೆಟ್ 2011ರಲ್ಲಿ ಬಂತು. ಎರಡನೇ ಮತ್ತು ಮೂರನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಿಗೆ ಮಾಡಿದ್ದು. ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ಗಳಲ್ಲಿ ಇದು ಎಷ್ಟು ಹರಡಿತು ಅಂದರೆ, ಇವತ್ತಿಗೂ ಹಲವು ಮನೆಗಳಲ್ಲಿ, ಸೈಬರ್ ಸೆಂಟರ್‌ಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ದುಡಿಯುತ್ತಿದೆ.

ಈ ಚಿಪ್‌ಸೆಟ್ ಕೊಡುವುದು ನಾಲ್ಕೇ ಸಾಟಾ ಪೋರ್ಟ್. ಅವೂ ಸೆಕೆಂಡಿಗೆ 3 ಗಿಗಾಬಿಟ್‌ನವು. ಸಾಟಾದಲ್ಲಿ ಒಂದು ಬೈಟ್ ಕಳಿಸಲು 10 ಬಿಟ್ ಬೇಕು. ಹಾಗಾಗಿ 3 ಗಿಗಾಬಿಟ್ ಅಂದರೆ 300 ಎಂಬಿ, ಕೈಗೆ ಸಿಗುವುದು 270ರ ಆಸುಪಾಸು. ಸಾಮಾನ್ಯವಾಗಿ ಒಂದು ಎಕ್ಸ್16 ಸ್ಲಾಟ್, ಒಂದೆರಡು ಎಕ್ಸ್1 ಸ್ಲಾಟ್ ಇರುತ್ತವೆ. ಎಕ್ಸ್ ಮುಂದಿನ ಅಂಕಿ ಲೇನ್‌ಗಳ ಸಂಖ್ಯೆ. ಎಕ್ಸ್1 ಸ್ಲಾಟ್‌ಗಳು 2.0 ತಲೆಮಾರಿನವು.

ಹಲವರು ಮಾಡುವುದೇನು? 6 ಗಿಗಾಬಿಟ್ ಅಂತ ಬರೆದ ಎರಡು ಪೋರ್ಟ್‌ನ ಕಾರ್ಡ್ ತಂದು ಎಕ್ಸ್1 ಸ್ಲಾಟ್‌ಗೆ ಹಾಕಿ, ವಿಂಡೋಸ್ ಇರುವ ಎಸ್‌ಎಸ್‌ಡಿಯನ್ನು ಅದಕ್ಕೆ ವರ್ಗಾಯಿಸುತ್ತಾರೆ. ವೇಗ ಎರಡರಷ್ಟಾಗುತ್ತದೆ ಅನ್ನುವ ಆಸೆ. ಆದರೆ ಸ್ಲಾಟ್ ಕೊಡುವುದೇ ಸುಮಾರು 400 ಎಂಬಿ. 270ರಿಂದ 400ಕ್ಕೆ ಏರಿತು ಅಷ್ಟೇ. ಅದೂ ದೊಡ್ಡ ಫೈಲ್ ಕಾಪಿ ಮಾಡುವಾಗ ಮಾತ್ರ. ವಿಂಡೋಸ್ ಶುರುವಾಗುವಾಗ ಓದುವುದು ಸಾವಿರಾರು ಚಿಕ್ಕ ಫೈಲ್. ಅಲ್ಲಿ ಎಸ್‌ಎಸ್‌ಡಿ 270ರ ಮಿತಿಯನ್ನೂ ಮುಟ್ಟುವುದು ಕಡಿಮೆ. ಮೇಲಾಗಿ ಕಾರ್ಡ್‌ನಿಂದ ಬೂಟ್ ಮಾಡಬೇಕಾದರೆ ಕಾರ್ಡ್‌ನೊಳಗೆ ಅದಕ್ಕೆಂದೇ ಒಂದು ಚಿಕ್ಕ ಪ್ರೋಗ್ರಾಂ ಇರಬೇಕು. ಎಲ್ಲ ಕಾರ್ಡ್‌ನಲ್ಲೂ ಅದು ಇರುವುದಿಲ್ಲ. ನನ್ನ ಸಲಹೆ ಇದಕ್ಕೆ ಉಲ್ಟಾ. ವಿಂಡೋಸ್ ಇರುವ ಎಸ್‌ಎಸ್‌ಡಿ ಬೋರ್ಡ್‌ನ ಪೋರ್ಟ್‌ನಲ್ಲೇ ಇರಲಿ. ಹೆಚ್ಚಿನ ಹಾರ್ಡ್ ಡಿಸ್ಕ್‌ಗಳು ಕಾರ್ಡ್‌ಗೆ ಹೋಗಲಿ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಿಲ್ಲದಿದ್ದರೆ ಇನ್ನೂ ಒಳ್ಳೆಯ ದಾರಿ ಇದೆ. ಆ ಉದ್ದದ ಎಕ್ಸ್16 ಸ್ಲಾಟ್ ಸುಮ್ನೆ ಖಾಲಿ ಇರುತ್ತದೆ, ಅಲ್ವಾ? ಅದು ನೇರವಾಗಿ ಪ್ರೊಸೆಸರ್‌ಗೆ ಸೇರುತ್ತದೆ. ಮೂರನೇ ತಲೆಮಾರಿನ ಐ5 ಅಥವಾ ಐ7 ಇದ್ದು ಬೋರ್ಡ್ ಒಪ್ಪಿದರೆ ಅಲ್ಲಿ 3.0 ವೇಗ ಸಿಗುತ್ತದೆ. ಎರಡು ಲೇನ್‌ನ ಸಾಟಾ ಕಾರ್ಡನ್ನು ಅಲ್ಲಿ ಹಾಕಿದರೆ 1,900 ಎಂಬಿ ದಾಟುವ ದಾರಿ. ಆರು ಹಾರ್ಡ್ ಡಿಸ್ಕ್ ಒಟ್ಟಿಗೆ ಓಡಿದರೂ ತಡೆಯಿಲ್ಲ. ಕಾರ್ಡ್ ಚಿಕ್ಕದು, ಸ್ಲಾಟ್ ದೊಡ್ಡದು ಅಂತ ಯೋಚಿಸಬೇಡಿ. ಉದ್ದದ ಸ್ಲಾಟ್‌ಗೆ ಗಿಡ್ಡ ಕಾರ್ಡ್ ಹಾಕಬಹುದು. ಗಿಡ್ಡ ಸ್ಲಾಟ್‌ಗೆ ಉದ್ದದ ಕಾರ್ಡ್ ಕೂರುವುದಿಲ್ಲ. ಕೂರಿಸಬೇಕು ಅಂತ ಸ್ಲಾಟ್‌ನ ತುದಿ ಕತ್ತರಿಸುವವರೂ ಇದ್ದಾರೆ. ಅದು ಬೇಡ.

ಬಿಳಿ ಬಣ್ಣದ ಹಳೆಯ ಪಿಸಿಐ ಸ್ಲಾಟ್ ಇದ್ದರೆ ಅದನ್ನು ಮರೆತುಬಿಡಿ. ಎಲ್ಲ ಸೇರಿ 133 ಎಂಬಿ ಅದರ ಮಿತಿ.

ಹೊಸ ಬೋರ್ಡ್‌ಗಳಲ್ಲಿ ಇನ್ನೊಂದು ಬಗೆಯ ಗೊಂದಲ ಇದೆ. ಸ್ಲಾಟ್ ನೋಡಲು ಎಕ್ಸ್16 ಉದ್ದ ಇರುತ್ತದೆ, ಒಳಗೆ ತಂತಿ ಇರುವುದು ನಾಲ್ಕು ಲೇನ್‌ಗೆ. ಎಎಂಡಿಯ ಬಿ450 ಬೋರ್ಡ್‌ಗಳಲ್ಲಿ ಎರಡನೇ ಉದ್ದದ ಸ್ಲಾಟ್ ಎಷ್ಟೋ ಸಲ ಹೀಗೇ, ಅದೂ 2.0 ವೇಗದ್ದು. ಜತೆಗೆ ಚಪ್ಪಟೆ ಎಸ್‌ಎಸ್‌ಡಿ ಕೂರುವ ಚಿಕ್ಕ ಎಂ.2 ಸ್ಲಾಟ್‌ಗೆ ಎಸ್‌ಎಸ್‌ಡಿ ಹಾಕಿದ ತಕ್ಷಣ ಒಂದೆರಡು ಸಾಟಾ ಪೋರ್ಟ್ ಸತ್ತಂತೆ ಆಗುವ ಬೋರ್ಡ್‌ಗಳು ಬಹಳ ಇವೆ. ಕೆಟ್ಟಿದೆ ಅಂತ ಗಾಬರಿ ಬೇಡ. ಇಬ್ಬರಿಗೂ ಒಂದೇ ಲೇನ್ ಹಂಚಿರುತ್ತಾರೆ. ಬೋರ್ಡ್‌ನ ಮ್ಯಾನುಯಲ್‌ನಲ್ಲಿ ಈ ಎರಡೂ ವಿಷಯ ಬರೆದಿರುತ್ತಾರೆ. ಕಂಪನಿಯ ಸೈಟ್‌ನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಕಾರ್ಡ್ ಕೊಳ್ಳುವ ಮುಂಚೆ ಆ ಒಂದು ಪುಟ ಓದಿ.

ಚಿಪ್‌ನ ಹೆಸರು ಕೇಳಿ

ಕಾರ್ಡ್‌ನ ಬ್ರ್ಯಾಂಡ್ ಯಾವುದು ಅನ್ನುವುದಕ್ಕಿಂತ ಅದರ ಮೇಲಿನ ಚಿಪ್ ಯಾವುದು ಅನ್ನುವುದು ಮುಖ್ಯ. ಹತ್ತಾರು ಹೆಸರಿನ ಕಾರ್ಡ್‌ಗಳಲ್ಲಿ ಇರುವುದು ಅವೇ ನಾಲ್ಕೈದು ಚಿಪ್. ಎಎಸ್‌ಮೀಡಿಯಾದ ಎಎಸ್‌ಎಂ1061 ಎರಡು ಪೋರ್ಟ್‌ನದು, 2.0ರ ಒಂದು ಲೇನ್. ಎಎಸ್‌ಎಂ1064 ನಾಲ್ಕು ಪೋರ್ಟ್, 3.0ರ ಒಂದು ಲೇನ್. ಎಎಸ್‌ಎಂ1166 ಆರು ಪೋರ್ಟ್, 3.0ರ ಎರಡು ಲೇನ್. ಜೆಮೈಕ್ರಾನ್‌ನ ಜೆಎಂಬಿ585 ಐದು ಪೋರ್ಟ್, ಅದಕ್ಕೂ 3.0ರ ಎರಡು ಲೇನ್. ಮನೆಯಲ್ಲಿ ಆರರೊಳಗೆ ಡಿಸ್ಕ್ ಸೇರಿಸುವವರಿಗೆ ಕೊನೆಯ ಎರಡರಲ್ಲಿ ಒಂದು ಸಾಕು.

ಈಗ ಲೆಕ್ಕ ನೋಡಿ. ಈ ಚಿಪ್‌ಗಳಲ್ಲಿ ಹೆಚ್ಚೆಂದರೆ ಆರು ಪೋರ್ಟ್. ಹಾಗಾದರೆ ಎಕ್ಸ್1 ಸ್ಲಾಟ್‌ಗೆ ಹೋಗುವ 10, 16, 20 ಪೋರ್ಟ್‌ನ ಕಾರ್ಡ್ ಹೇಗೆ ಬರುತ್ತದೆ? ಮುಖ್ಯ ಚಿಪ್‌ನ ಒಂದೊಂದು ಪೋರ್ಟ್‌ಗೆ ಪೋರ್ಟ್ ಮಲ್ಟಿಪ್ಲೈಯರ್ ಅನ್ನುವ ಇನ್ನೊಂದು ಚಿಪ್ ಅಂಟಿಸುತ್ತಾರೆ. ಜೆಎಂಬಿ575 ಅಂಥದ್ದು, ಒಂದು ಸಾಟಾ ಪೋರ್ಟನ್ನು ಐದು ಮಾಡುತ್ತದೆ. ದಾರಿ ಅದೇ, ಪಾಲುದಾರರು ಜಾಸ್ತಿ. ವೇಗ ಹಂಚಿಹೋಗುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಐದು ಡಿಸ್ಕ್‌ನಲ್ಲಿ ಒಂದು ಉತ್ತರ ಕೊಡದೆ ನಿಂತರೆ ಕಂಪ್ಯೂಟರ್ ಆ ಸಂಪರ್ಕವನ್ನು ರೀಸೆಟ್ ಮಾಡುತ್ತದೆ. ಆಗ ಪಕ್ಕದ ನಾಲ್ಕೂ ಒಂದು ಕ್ಷಣ ಕಾಣೆಯಾಗುತ್ತವೆ. ರೇಡ್‌ನಲ್ಲಿದ್ದರೆ ಒಂದು ಡಿಸ್ಕ್‌ನ ತೊಂದರೆ ಐದು ಡಿಸ್ಕ್‌ನ ತೊಂದರೆ ಆಗಿಬಿಡಬಹುದು. ಕಳೆದುಹೋದರೆ ಮತ್ತೆ ಸಿಗದ ಫೋಟೋಗಳಿರುವ ಡಿಸ್ಕ್‌ಗಳನ್ನು ಇಂಥ ಕಾರ್ಡ್‌ಗೆ ಹಾಕಬೇಡಿ ಅಂತ ಖಡಾಖಂಡಿತವಾಗಿ ಹೇಳುತ್ತೇನೆ.

ಎಂಟು ಡಿಸ್ಕ್‌ವರೆಗೆ ಬೇಕು ಅನ್ನುವವರಿಗೆ ಸರಿಯಾದ ವಸ್ತು ಎಚ್‌ಬಿಎ, ಅಂದರೆ ಹೋಸ್ಟ್ ಬಸ್ ಅಡಾಪ್ಟರ್. ಸರ್ವರ್‌ಗಳಿಗಾಗಿ ಮಾಡಿದ ಕಾರ್ಡ್ ಇದು. ಎಲ್‌ಎಸ್‌ಐ 9211-8ಐ ಇವುಗಳಲ್ಲಿ ಬಹಳ ಹೆಸರಾದದ್ದು. ಅದರ ಮೇಲಿರುವ ಚಿಪ್ ಎಸ್‌ಎಎಸ್2008. 2.0ರ ಎಂಟು ಲೇನ್, ಎಂಟು ಡಿಸ್ಕ್. ಮಲ್ಟಿಪ್ಲೈಯರ್ ಇಲ್ಲ, ಪ್ರತಿ ಡಿಸ್ಕ್‌ಗೂ ಅದರದೇ ಸಂಪರ್ಕ. ಒಳಗೆ ನಾಲ್ಕೇ ಲೇನ್ ಇರುವ ಉದ್ದದ ಸ್ಲಾಟ್‌ಗೆ ಹಾಕಿದರೂ 2,000 ಎಂಬಿ ದಾರಿ ಸಿಗುತ್ತದೆ. ಎಂಟು ಹಾರ್ಡ್ ಡಿಸ್ಕ್‌ಗೆ ಅದು ಸಾಕು. ಡೆಲ್ ಎಚ್310, ಐಬಿಎಂ ಎಂ1015 ಕಾರ್ಡ್‌ಗಳಲ್ಲೂ ಇದೇ ಚಿಪ್. ಕಂಪನಿಗಳು ಸರ್ವರ್ ಬದಲಿಸಿದಾಗ ಇಂಥವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಕೇಳಿ ನೋಡಬಹುದು.

ಕೇಳುವಾಗ ಐಟಿ ಮೋಡ್ ಫರ್ಮ್‌ವೇರ್ (ಕಾರ್ಡ್‌ನೊಳಗಿನ ಪ್ರೋಗ್ರಾಂ) ಇದೆಯಾ ಅಂತ ಕೇಳಿ. ಐಟಿ ಮೋಡ್‌ನಲ್ಲಿ ಕಾರ್ಡ್ ನಡುವೆ ತಲೆ ಹಾಕುವುದಿಲ್ಲ, ಡಿಸ್ಕ್‌ಗಳನ್ನು ಇದ್ದ ಹಾಗೇ ಕಂಪ್ಯೂಟರ್‌ಗೆ ತೋರಿಸುತ್ತದೆ. ಐಆರ್ ಮೋಡ್ ಆದರೆ ರೇಡ್ ಕೆಲಸವೂ ಸೇರಿರುತ್ತದೆ. ಕೇಬಲ್ ಕೂಡ ಬೇರೆ. ಕಾರ್ಡ್ ಮೇಲೆ ಎರಡು ಅಗಲದ ಕನೆಕ್ಟರ್ ಇರುತ್ತವೆ, ಒಂದೊಂದರಿಂದ ನಾಲ್ಕು ಸಾಟಾ ತುದಿ ಬರುತ್ತವೆ. ಆ ಕೇಬಲ್‌ನಲ್ಲಿ ಫಾರ್ವರ್ಡ್, ರಿವರ್ಸ್ ಅಂತ ಎರಡು ಜಾತಿ. ನೋಡಲು ಒಂದೇ ಥರ. ನಿಮಗೆ ಬೇಕಾದದ್ದು ಫಾರ್ವರ್ಡ್. ರಿವರ್ಸ್ ತಂದರೆ ಒಂದು ಡಿಸ್ಕೂ ಕಾಣುವುದಿಲ್ಲ. ಎಚ್310 ಹಾಕಿದಾಗ ಕೆಲವು ಡೆಸ್ಕ್‌ಟಾಪ್ ಬೋರ್ಡ್‌ಗಳು ಆನ್ ಆಗುವುದೇ ಇಲ್ಲ. ಕಾರ್ಡ್‌ನ ಬಿ5, ಬಿ6 ಪಿನ್‌ಗಳ ಮೇಲೆ ತೆಳು ಟೇಪ್ ಅಂಟಿಸಿದರೆ ಸರಿಹೋಗುತ್ತದೆ. ಇನ್ನೊಂದು, ಈ ಕಾರ್ಡ್ ಸರ್ವರ್ ಫ್ಯಾನ್‌ನ ಜೋರು ಗಾಳಿಗೆ ಒಗ್ಗಿದ್ದು. ಮನೆಯ ಕ್ಯಾಬಿನೆಟ್‌ನಲ್ಲಿ ಕೈ ಸುಡುವಷ್ಟು ಬಿಸಿಯಾಗುತ್ತದೆ. ಹೀಟ್‌ಸಿಂಕ್ ಮೇಲೆ 40 ಮಿ.ಮೀ. ಫ್ಯಾನ್ ಒಂದು ಕೂರಿಸಿ. ಎಸ್‌ಎಸ್‌ಡಿಗಳನ್ನು ಇದಕ್ಕೆ ಹಾಕದಿರುವುದು ಒಳ್ಳೆಯದು. ಕೆಲವು ಎಸ್‌ಎಸ್‌ಡಿಗಳಿಗೆ ಅಳಿಸಿದ ಜಾಗ ಖಾಲಿಯಾಗಿದೆ ಅಂತ ತಿಳಿಸುವ ಟ್ರಿಮ್ ಆದೇಶ ಈ ಕಾರ್ಡ್ ದಾಟಿ ಹೋಗುವುದಿಲ್ಲ.

ನಿಜವಾದ ಹಾರ್ಡ್‌ವೇರ್ ರೇಡ್ ಕಾರ್ಡ್ ಮನೆಗೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಡಿಸ್ಕ್ ಮೇಲೆ ತನ್ನದೇ ರೀತಿಯಲ್ಲಿ ಬರೆಯುತ್ತದೆ. ಕಾರ್ಡ್ ಕೆಟ್ಟರೆ ಅದೇ ಕುಟುಂಬದ ಇನ್ನೊಂದು ಕಾರ್ಡ್ ಹುಡುಕಬೇಕು. ಲಿನಕ್ಸ್‌ನ ಎಂಡಿ ರೇಡ್, ಜೆಡ್‌ಎಫ್‌ಎಸ್, ವಿಂಡೋಸ್‌ನ ಸ್ಟೋರೇಜ್ ಸ್ಪೇಸಸ್ ಥರದ ಸಾಫ್ಟ್‌ವೇರ್ ರೇಡ್ ಇದ್ದರೆ ಡಿಸ್ಕ್‌ಗಳನ್ನು ಅದೇ ಸಾಫ್ಟ್‌ವೇರ್ ಇರುವ ಬೇರೆ ಯಾವ ಕಂಪ್ಯೂಟರ್‌ಗಾದರೂ ಹಾಕಿ ಓದಬಹುದು. ಯಾವ ರೇಡ್ ಮಾಡಿದರೂ ಅದು ಬ್ಯಾಕಪ್ ಅಲ್ಲ. ತಪ್ಪಿ ಡಿಲೀಟ್ ಮಾಡಿದ ಫೋಲ್ಡರ್ ಎಲ್ಲ ಡಿಸ್ಕ್‌ನಿಂದಲೂ ಒಟ್ಟಿಗೇ ಹೋಗುತ್ತದೆ.

ಸಾಟಾ ಬಿಟ್ಟು ನೇರ ಪಿಸಿಐ ಎಕ್ಸ್‌ಪ್ರೆಸ್‌ನಲ್ಲೇ ಓಡುವ ಎನ್‌ವಿಎಂಇ ಎಸ್‌ಎಸ್‌ಡಿ ಸೇರಿಸುವ ಅಡಾಪ್ಟರ್‌ಗಳದ್ದು ಬೇರೆ ಕತೆ. ಒಂದು ಎಸ್‌ಎಸ್‌ಡಿ ಕೂರುವ ಅಗ್ಗದ ಅಡಾಪ್ಟರ್‌ನಲ್ಲಿ ಕಂಟ್ರೋಲರ್ ಚಿಪ್ಪೇ ಇಲ್ಲ, ಬರೀ ತಂತಿ. ಕಂಟ್ರೋಲರ್ ಎಸ್‌ಎಸ್‌ಡಿಯೊಳಗೇ ಇರುತ್ತದೆ. ಎಕ್ಸ್4 ಸ್ಲಾಟ್ ಇದ್ದರೆ ಸಾಕು. ಎಂ.2 ಆಕಾರದ್ದೇ ಆದರೂ ಸಾಟಾ ಎಸ್‌ಎಸ್‌ಡಿ ಅದರಲ್ಲಿ ಕೆಲಸ ಮಾಡುವುದಿಲ್ಲ. ನಾಲ್ಕು ಎಸ್‌ಎಸ್‌ಡಿ ಕೂರುವ ಅಗ್ಗದ ಕಾರ್ಡ್ ಕೊಳ್ಳುವ ಮುಂಚೆ ನಿಮ್ಮ ಬಯಾಸ್‌ನಲ್ಲಿ ಬೈಫರ್ಕೇಶನ್ ಇದೆಯಾ ನೋಡಿ. ಅಂದರೆ 16 ಲೇನ್‌ಗಳನ್ನು ನಾಲ್ಕು ನಾಲ್ಕಾಗಿ ಒಡೆಯುವ ಸೌಕರ್ಯ. ಅದಿಲ್ಲದಿದ್ದರೆ ಮೊದಲನೆಯದು ಮಾತ್ರ ಕಾಣುತ್ತದೆ. ಎಚ್61ರಂಥ ಬೋರ್ಡ್‌ನಲ್ಲಿ ಎನ್‌ವಿಎಂಇಯನ್ನು ಡೇಟಾ ಡಿಸ್ಕ್ ಆಗಿ ಬಳಸಬಹುದು. ವಿಂಡೋಸ್ 10 ಅದನ್ನು ಗುರುತಿಸುತ್ತದೆ. ಆದರೆ ಸಾಮಾನ್ಯವಾಗಿ ಅದರಿಂದ ಬೂಟ್ ಆಗುವುದಿಲ್ಲ, ಬಯಾಸ್‌ಗೆ ಆ ಭಾಷೆ ಗೊತ್ತಿಲ್ಲ.

ಕರೆಂಟ್ ಎಲ್ಲಿಂದ ಬರುತ್ತದೆ?

ಕಾರ್ಡ್ ಪೋರ್ಟ್ ಕೊಡುತ್ತದೆ. ಡಿಸ್ಕ್‌ಗೆ ಕರೆಂಟ್ ಕೊಡುವುದಿಲ್ಲ. ಅದು ಎಸ್‌ಎಂಪಿಎಸ್‌ನಿಂದಲೇ, ಅಂದರೆ ಕಂಪ್ಯೂಟರ್‌ನ ಪವರ್ ಸಪ್ಲೈನಿಂದಲೇ ಬರಬೇಕು. ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ, ಯಾಕಂದರೆ ಇಲ್ಲಿ ತಪ್ಪಾದರೆ ಸುಟ್ಟುಹೋಗುತ್ತದೆ.

3.5 ಇಂಚಿನ ಡಿಸ್ಕ್ ಸುಮ್ನೆ ತಿರುಗುತ್ತಿರುವಾಗ ಆರೆಂಟು ವಾಟ್ ತಿನ್ನುತ್ತದೆ. ಆದರೆ ನಿಂತ ಡಿಸ್ಕ್ ತಿರುಗಲು ಶುರುವಾಗುವ ಆ ಕೆಲವು ಸೆಕೆಂಡ್ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಅಂದರೆ 24 ವಾಟ್. ಪವರ್ ಬಟನ್ ಒತ್ತಿದಾಗ ಆರು ಡಿಸ್ಕ್ ಒಟ್ಟಿಗೆ ಎದ್ದರೆ 12 ಆಂಪಿಯರ್. ಕ್ಯಾಬಿನೆಟ್ ಜತೆ ಪುಕ್ಕಟೆ ಬಂದ ಎಸ್‌ಎಂಪಿಎಸ್‌ ಮೇಲೆ 450 ವಾಟ್ ಅಂತ ಬರೆದಿದ್ದರೂ ಪಕ್ಕದ ಪಟ್ಟಿಯಲ್ಲಿ 12 ವೋಲ್ಟ್‌ನ ಮುಂದೆ ಎಷ್ಟು ಆಂಪಿಯರ್ ಇದೆ ನೋಡಿ. ನಂಬಬೇಕಾದ ಸಂಖ್ಯೆ ಅದು.

ಎಸ್‌ಎಂಪಿಎಸ್ ಗಟ್ಟಿಯಾಗಿದ್ದರೂ ಕನೆಕ್ಟರ್ ಗಟ್ಟಿಯಿರಬೇಕು. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್. ಒಂದೊಂದರ ಮಿತಿ 1.5 ಆಂಪಿಯರ್, ಒಟ್ಟು 4.5. ಒಂದು ಸಾಟಾ ಕನೆಕ್ಟರ್‌ನಿಂದ ಸ್ಪ್ಲಿಟರ್ ಹಾಕಿ ಎರಡು ಡಿಸ್ಕ್ ಓಡಿಸಿದರೆ 4 ಆಂಪಿಯರ್, ಮಿತಿಯೊಳಗೆ. ನಾಲ್ಕು ಡಿಸ್ಕ್ ಓಡಿಸಿದರೆ ಶುರುವಾಗುವಾಗ 8 ಆಂಪಿಯರ್. ಹಾಗಾಗಿ ಸಾಟಾದಿಂದ ನಾಲ್ಕು ಸಾಟಾ ಮಾಡುವ ಸ್ಪ್ಲಿಟರ್ ಹಾರ್ಡ್ ಡಿಸ್ಕ್‌ಗಳಿಗೆ ಬೇಡವೇ ಬೇಡ. ಹಳೆಯ ನಾಲ್ಕು ಪಿನ್‌ನ ಮೋಲೆಕ್ಸ್ ಹೆಚ್ಚು ಕರೆಂಟ್ ತಡೆಯುತ್ತದೆ. ಆದರೆ ಅದಕ್ಕೆ ಸಿಗುವ ಅಗ್ಗದ ಪರಿವರ್ತಕಗಳಲ್ಲಿ ತಂತಿಗಳನ್ನು ಜೋಡಿಸಿ ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದಿರುತ್ತಾರೆ. ಒಳಗೆ ತಂತಿ ಸರಿದರೆ ಶಾರ್ಟ್ ಆಗಿ ಕರಗುತ್ತದೆ, ಹೊತ್ತಿಕೊಂಡದ್ದೂ ಉಂಟು. ಹಿಂದೆ ತೆಗೆಯಬಹುದಾದ ಮುಚ್ಚಳ ಇದ್ದು, ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಪಿನ್‌ಗೆ ಒತ್ತಿರುವಂಥದ್ದು ಕೊಳ್ಳಿ.

ಎಕ್ಸ್‌ಟರ್ನಲ್ ಡಬ್ಬ ಬಿಚ್ಚಿ ತೆಗೆದ ದೊಡ್ಡ ಡಿಸ್ಕ್ ಹಾಕಿದವರಿಗೆ ಇನ್ನೊಂದು ಮಾತು. ಕೆಲವು ಡಿಸ್ಕ್‌ಗಳಲ್ಲಿ ಪವರ್ ಕನೆಕ್ಟರ್‌ನ ಮೂರನೇ ಪಿನ್‌ಗೆ 3.3 ವೋಲ್ಟ್ ಬಂದರೆ ಡಿಸ್ಕ್ ತಿರುಗುವುದೇ ಇಲ್ಲ. ಅದು ಕೆಟ್ಟಿಲ್ಲ, ಹಾಗೇ ಮಾಡಿದ್ದು. ಮೋಲೆಕ್ಸ್ ಪರಿವರ್ತಕದಲ್ಲಿ 3.3 ವೋಲ್ಟ್ ಇರುವುದಿಲ್ಲ, ಅದರಿಂದ ಕೊಟ್ಟರೆ ತಿರುಗುತ್ತದೆ.

ಹಾಕಿದ ಮೇಲೆ

ಕಾರ್ಡ್ ಹಾಕಿ ಆನ್ ಮಾಡಿದಾಗ ವಿಂಡೋಸ್ ಬಾರದೆ ಕಪ್ಪು ಪರದೆ ಬಂದರೆ ಮೊದಲು ಬಯಾಸ್‌ಗೆ ಹೋಗಿ ಬೂಟ್ ಕ್ರಮ ನೋಡಿ. ಹೊಸ ಕಂಟ್ರೋಲರ್ ಕಂಡ ಬಯಾಸ್ ಹಳೆಯ ಕ್ರಮವನ್ನು ಬದಲಿಸಿಬಿಡುವುದು ಸಾಮಾನ್ಯ. ಹೊಸ ಡಿಸ್ಕ್ 2 ಟಿಬಿಗಿಂತ ದೊಡ್ಡದಾದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಜಿಪಿಟಿ ಅನ್ನುವ ಪಾರ್ಟಿಶನ್ ಪದ್ಧತಿ ಆಯ್ಕೆ ಮಾಡಿ. ಹಳೆಯ ಪದ್ಧತಿಯಾದ ಎಂಬಿಆರ್ ಆದರೆ 2.2 ಟಿಬಿಗಿಂತ ಆಚೆ ಬಳಸಲು ಆಗುವುದಿಲ್ಲ. ಡೇಟಾ ಡಿಸ್ಕ್‌ಗೆ ಜಿಪಿಟಿ ಹಳೆಯ ಬಯಾಸ್‌ನಲ್ಲೂ ನಡೆಯುತ್ತದೆ.

ಆಮೇಲೆ ಎರಡು ಪರೀಕ್ಷೆ. ಎಚ್‌ಡಬ್ಲ್ಯೂಇನ್ಫೋ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಾರ್ಡ್‌ನ ಹೆಸರು ಹುಡುಕಿ, ಅದಕ್ಕೆ ಈಗ ಸಿಕ್ಕಿರುವ ಲೇನ್ ಎಷ್ಟು, ವೇಗ ಎಷ್ಟು ನೋಡಿ. ಎರಡು ಲೇನ್‌ನ ಕಾರ್ಡ್ ಒಂದೇ ಲೇನ್ ತೋರಿಸಿದರೆ ಕಾರ್ಡ್ ಸರಿಯಾಗಿ ಕೂತಿಲ್ಲ ಅಥವಾ ಸ್ಲಾಟ್‌ನಲ್ಲಿ ಇರುವುದೇ ಅಷ್ಟು. ಎರಡನೆಯದಾಗಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ಹಾರ್ಡ್ ಡಿಸ್ಕ್‌ಗಳ ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತನ್ನ ಆರೋಗ್ಯ ದಾಖಲಿಸುವ ಪಟ್ಟಿ) 199ನೇ ಸಾಲನ್ನು ಬರೆದಿಟ್ಟುಕೊಳ್ಳಿ. ಅಲ್ಲಿ ಅದು ಸಿ7 ಅಂತ ಕಾಣುತ್ತದೆ. ಡಿಸ್ಕ್ ಮತ್ತು ಕಂಟ್ರೋಲರ್ ನಡುವೆ ಸಾಗುವಾಗ ಕೆಟ್ಟುಹೋದ ಡೇಟಾದ ಎಣಿಕೆ ಅದು. ನೂರಿನ್ನೂರು ಜಿಬಿ ಕಾಪಿ ಮಾಡಿ ಮತ್ತೆ ನೋಡಿ. ಏರಿದ್ದರೆ ಹೆಚ್ಚಿನ ಸಲ ಕಾರಣ ಕೇಬಲ್. ಬಿಗಿಯಾಗಿ ಒತ್ತಿ, ಇಲ್ಲವೇ ಕ್ಲಿಪ್ ಇರುವ ಹೊಸ ಕೇಬಲ್ ಹಾಕಿ, ಒಂದು ಮೀಟರ್‌ಗಿಂತ ಉದ್ದ ಬೇಡ. ಹಳೆಯ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು. ಕೇಬಲ್ ಬದಲಿಸಿದರೂ ಏರುತ್ತಿದ್ದರೆ ಅದೇ ಡಿಸ್ಕನ್ನು ಬೋರ್ಡ್‌ನ ಪೋರ್ಟ್‌ಗೆ ಹಾಕಿ ನೋಡಿ. ಅಲ್ಲಿ ಏರದಿದ್ದರೆ ಕಾರ್ಡ್ ವಾಪಸ್ ಕೊಡಿ.